ಹುತ್ತದ ಅಣಬೆ, ಹುಲ್ಲಿನ ಅಣಬೆ: ಯಾವುದು ತಿನ್ನೋದು? ಬೆರಕೆ ಸೊಪ್ಪಿಗೆ ಏನೇನು ಕೀಳಬಹುದು?

ರಾಗಿಬದು, ಚಿಂತಾಮಣಿ:
ಮಘೆ ಮಳೆ ಚೆನ್ನಾಗಿ ಹಿಡಿದ ಮೇಲೆ ಹೊಲದ ಕಡೆ ಎರಡು ಥರ ಬಿಳಿ ಅಣಬೆ ಎದ್ದಿವೆ. ಒಂದು ಹಳೇ ಹುತ್ತದ ಬುಡದಲ್ಲಿ, ಹತ್ತಿಪ್ಪತ್ತು ಒಟ್ಟಿಗೆ, ಕೊಡೆಯ ನೆತ್ತಿಯಲ್ಲಿ ಬೂದು ಬಣ್ಣದ ಮೊನೆ. ಇನ್ನೊಂದು ದನ ಮೇಯುವ ಬಯಲಿನ ಹುಲ್ಲಲ್ಲಿ, ಬಳೆ ಇಟ್ಟ ಹಾಗೆ ದುಂಡಗೆ. ಕೊಡೆ ಅಂಗೈಗಿಂತ ಅಗಲ, ಮೇಲೆ ಕಂದು ಚಕ್ಕೆ, ಕಾಂಡಕ್ಕೆ ಉಂಗುರ. ಊರಲ್ಲಿ ಎರಡಕ್ಕೂ ನಾಯಿಕೊಡೆ ಅಂತಲೇ ಅಂತಾರೆ. ಅರಿಶಿನ ಹಾಕಿ ಬೇಯಿಸಿದಾಗ ಬಣ್ಣ ತಿರುಗದಿದ್ದರೆ ತಿನ್ನಬಹುದು ಅನ್ನೋದು ನಿಜವೇ? ಹಾಗೇ ಬೆರಕೆ ಸೊಪ್ಪಿಗೆ ಈಗ ಏನೇನು ಸಿಗುತ್ತೆ, ಎಲ್ಲಿ ಮೋಸ ಹೋಗ್ತೀವಿ, ಅದನ್ನೂ ತಿಳಿಸಿ.

ಹುತ್ತದಮಣ್ಣು, ಸಿರಾ:
ಹುಲ್ಲಿನದನ್ನು ಮನೆಗೆ ತರಲೇಬೇಡಿ. ನೀವು ಹೇಳಿದ ಗುರುತೆಲ್ಲ ಕ್ಲೋರೋಫಿಲಮ್ ಮಾಲಿಬ್ಡೈಟಿಸ್ ಅನ್ನೋ ವಿಷದ ಅಣಬೆಗೆ ಹೊಂದುತ್ತೆ. ತಿಂದ ಒಂದರಿಂದ ಮೂರು ಗಂಟೆಯೊಳಗೆ ವಾಂತಿ ಭೇದಿ ಹಿಡಿಯುತ್ತೆ. ಎಳೆಯದರಲ್ಲಿ ಕೊಡೆ ಕೆಳಗಿನ ಪದರು ಬೆಳ್ಳಗೇ ಇರುತ್ತೆ, ಬಲಿತ ಮೇಲೆ ಹಸಿರು ಛಾಯೆ ಬರುತ್ತೆ. ಜನ ಮೋಸ ಹೋಗೋದು ಎಳೆಯದರಲ್ಲೇ.

ಹುತ್ತದ ಅಣಬೆಯ ಕುಲದ ಹೆಸರು ಟರ್ಮಿಟೋಮೈಸಿಸ್. ಗೆದ್ದಲು ನೆಲದೊಳಗೆ ಎಲೆ, ಕಟ್ಟಿಗೆ ಅರೆದು ಜೇನುತಟ್ಟಿನಂಥ ಗೂಡು ಕಟ್ಟಿ ಅದರ ಮೇಲೆ ಈ ಶಿಲೀಂಧ್ರ ಬೆಳೆಸುತ್ತೆ. ಮಣ್ಣು ಒಳಗಿನವರೆಗೂ ನೆನೆದಾಗ ಅಲ್ಲಿಂದಲೇ ಕೊಡೆ ಮೇಲಕ್ಕೆ ಬರುತ್ತೆ. ನೆತ್ತಿಯ ಮೊನೆ ಇರೋದು ಗಟ್ಟಿ ಮಣ್ಣು ಸೀಳೋದಕ್ಕೆ. ಹಾಗಾಗಿ ಕಾಂಡ ನೆಲದ ಮಟ್ಟಕ್ಕೆ ಮುಗಿಯಲ್ಲ, ಬೇರಿನ ಹಾಗೆ ಸಣ್ಣಗಾಗುತ್ತಾ ಗೂಡಿನ ತನಕ ಇಳಿದಿರುತ್ತೆ, ಕೆಲವು ಸಲ ಒಂದಡಿಗಿಂತ ಆಳ. ಇದೇ ಮುಖ್ಯ ಗುರುತು. ಕಿತ್ತರೆ ಅದು ಮಣ್ಣಲ್ಲೇ ಮುರಿದು ಉಳಿಯುತ್ತೆ, ಅದಕ್ಕೆ ಕೀಳಬಾರದು. ಸುತ್ತ ಚಾಕುವಿನಿಂದ ಮಣ್ಣು ಬಿಡಿಸಿ ಒಂದನ್ನಾದರೂ ಪೂರ್ತಿ ಹೊರತೆಗೆದು ನೋಡಿ. ಬುಡದಲ್ಲಿ ಗೆಡ್ಡೆಯ ಹಾಗೆ ಊದಿದ್ದರೆ ಅಥವಾ ಬಟ್ಟಲಿನಂಥ ಚೀಲ ಇದ್ದರೆ ಅದು ಹುತ್ತದ ಅಣಬೆ ಅಲ್ಲ. ಚೀಲ ಇರುವ ಅಮಾನಿಟಾ ಅನ್ನೋ ಕುಲದ ಅಣಬೆಗಳಲ್ಲಿ ಜೀವ ತೆಗೆಯುವಂಥವು ಇವೆ. ಬರೀ ಉಂಗುರ ನೋಡಿ ತೀರ್ಮಾನಿಸಬೇಡಿ, ಹುತ್ತದ ಅಣಬೆಯಲ್ಲೂ ಕೆಲವು ಜಾತಿಗೆ ಉಂಗುರ ಇರುತ್ತೆ.

ಆಮೇಲೆ ಬೀಜಕದ ಬಣ್ಣ, ಅಂದರೆ ಕೊಡೆ ಕೆಳಗಿನ ಪದರಿನಿಂದ ಉದುರೋ ಬೀಜದಂಥ ಪುಡಿಯದ್ದು. ಅರಳಿದ ಕೊಡೆಯ ಕಾಂಡ ಕತ್ತರಿಸಿ, ಪದರು ಕೆಳಗೆ ಬರೋ ಹಾಗೆ ಬಿಳಿ ಹಾಳೆಯ ಮೇಲಿಡಿ. ಕೊಡೆಯ ಮೇಲೆ ಒಂದು ಹನಿ ನೀರು ಬಿಟ್ಟು ಬಟ್ಟಲು ಮುಚ್ಚಿ ರಾತ್ರಿಯಿಡೀ ಬಿಡಿ. ಹುತ್ತದ್ದಾದರೆ ತಿಳಿ ಗುಲಾಬಿ ಪುಡಿ ಉದುರಿರುತ್ತೆ, ಕ್ಲೋರೋಫಿಲಮ್ ಆದರೆ ಮಾಸಲು ಹಸಿರು. ಮೊಗ್ಗಾಗಿರೋದನ್ನ ಇಟ್ಟರೆ ಏನೂ ಉದುರಲ್ಲ. ಗುಲಾಬಿ ಬಂತು ಅನ್ನೋದೊಂದನ್ನೇ ನಂಬಬೇಡಿ, ಆ ಬಣ್ಣದ ಬೀಜಕ ಇರುವ ವಿಷದ ಅಣಬೆಗಳೂ ಇವೆ. ಹುತ್ತ, ಮೊನೆ, ಬೇರು, ಬಣ್ಣ, ನಾಲ್ಕೂ ಕೂಡಬೇಕು.

ಅರಿಶಿನ, ಬೆಳ್ಳುಳ್ಳಿ, ಬೆಳ್ಳಿ ಚಮಚ, ಹುಳ ತಿಂದಿದೆ ಅನ್ನೋದು ಯಾವುದೂ ಪರೀಕ್ಷೆಯಲ್ಲ. ಅಮಾನಿಟಾದ ಮಾರಕ ವಿಷ ಬೇಯಿಸಿದರೂ ಹೋಗಲ್ಲ. ಅದರ ಲಕ್ಷಣ ಶುರುವಾಗೋದೇ ಆರು ಗಂಟೆ ಕಳೆದ ಮೇಲೆ, ನಡುವೆ ಸುಧಾರಿಸಿದ ಹಾಗೆ ಕಂಡು ಆಮೇಲೆ ಈಲಿ ಕೆಡುತ್ತೆ. ಅನುಮಾನ ಬಂದ ಕ್ಷಣವೇ ಆಸ್ಪತ್ರೆಗೆ ಹೋಗಿ, ಉಳಿದ ಅಣಬೆಯನ್ನೂ ಜೊತೆಗೆ ಒಯ್ಯಿರಿ.

ತಂಗಡಿಹೂ, ಮುಳಬಾಗಿಲು:
ಸೊಪ್ಪಿನ ವಿಷಯ ನಾನು ಹೇಳ್ತೀನಿ. ಈಗ ರಾಗಿ ಹೊಲದಲ್ಲಿ ಅಣ್ಣೆ, ಕೀರೆ, ಗೋಣಿ, ಗಣಿಕೆ. ಬೇಲಿ ಪಕ್ಕ ಕೊಮ್ಮೆ, ತಗಚೆಯ ಎಳೆ ಚಿಗುರು. ಕಾಲುವೆ ತೇವದಲ್ಲಿ ಹೊನಗೊನೆ. ಅಣ್ಣೆ ಕೀರೆ ಹೆಚ್ಚಿಗೆ ಇರಲಿ, ಹುಳಿ ಇರುವ ಗೋಣಿ ಒಂದು ಹಿಡಿ ಸಾಕು, ತಗಚೆ ಅದಕ್ಕಿಂತ ಕಡಿಮೆ. ಅಣ್ಣೆ ತೆನೆ ಬಿಡೋ ಮೊದಲೇ ಕುಡಿಯ ನಾಲ್ಕು ಬೆರಳಷ್ಟು ಮಾತ್ರ ಚಿವುಟಿ. ತೆನೆ ಬಂದ ಮೇಲೆ ನಾರು.

ಗೋಣಿಯ ಜೊತೆ ನೆಲಕ್ಕೆ ಹರಡುವ ಹಾಲುಗಿಡವೂ ಬೆಳೆದಿರುತ್ತೆ. ಎರಡರ ಕಾಂಡವೂ ಕೆಂಪಗೆ ಇರೋದರಿಂದ ಗೊಂದಲ. ಒಂದೊಂದು ಕಾಂಡ ಮುರಿದು ನೋಡಿ: ಬಿಳಿ ಹಾಲು ಬಂದರೆ ಎಸೆಯಿರಿ. ಗೋಣಿಯದು ದಪ್ಪ ನುಣುಪು ಎಲೆ, ಮುರಿದರೆ ಬರೀ ನೀರು. ಪಾರ್ಥೇನಿಯಂನ ಎಳೆ ಸಸಿ ನೆಲಕ್ಕೆ ಅಂಟಿಕೊಂಡು ಕ್ಯಾರೆಟ್ ಎಲೆಯ ಹಾಗೆ ಸೀಳಿರುತ್ತೆ. ಅದು ಇರೋ ಜಾಗದಲ್ಲಿ ಬಾಚಿ ಕೀಳಬೇಡಿ, ಕೈ ತುರಿಸುತ್ತೆ. ಗಣಿಕೆಯ ಹಸಿರು ಕಾಯಿ ಒಂದೂ ಸೇರಬಾರದು.

ಬಸ್ಸಾರು ಮಾಡೋರು ಇದನ್ನು ಗಮನಿಸಿ. ಅಣ್ಣೆ, ಕೀರೆ, ಗೋಣಿಯಲ್ಲಿ ಆಕ್ಸಲೇಟ್ ಜಾಸ್ತಿ, ಬೇಯಿಸಿದಾಗ ಅದರಲ್ಲಿ ಒಂದು ಪಾಲು ಬಸಿದ ಕಟ್ಟಿಗೆ ಇಳಿಯುತ್ತೆ. ಮೂತ್ರಪಿಂಡದಲ್ಲಿ ಕಲ್ಲಾದವರು ಆ ಕಟ್ಟಿನ ಸಾರು ಬಿಡೋದು ಒಳ್ಳೇದು.

ಎಲ್ಲಕ್ಕಿಂತ ದೊಡ್ಡ ಅಪಾಯ ಗಿಡದ್ದಲ್ಲ, ಬೆಳೆಗೆ ಹೊಡೆಯೋ ಔಷಧಿಯದ್ದು. ಟೊಮೇಟೊ, ದ್ರಾಕ್ಷಿ ತೋಟದ ಬದುವಿನ ಸೊಪ್ಪು ಎಷ್ಟೇ ಚೆನ್ನಾಗಿ ಕಂಡರೂ ಬೇಡ. ಕುಡಿ ಸುರುಳಿ ಸುತ್ತಿ ಕಾಂಡ ತಿರುಚಿಕೊಂಡಿದ್ದರೆ ಕಳೆನಾಶಕ ಬಿದ್ದಿರಬಹುದು, ಆ ಸಾಲೇ ಬಿಡಿ. ಕೊಳಚೆ ಸಂಸ್ಕರಿಸಿದ ನೀರು ತುಂಬಿಸುವ ಕೆರೆಗಳ ಅಂಚಿನ ಹೊನಗೊನೆಯನ್ನೂ ನಾನು ಬೇಡ ಅಂತೀನಿ.

ಕಾರೆಮುಳ್ಳು, ಮಧುಗಿರಿ:
ಒಂದು ಸೇರಿಸ್ತೀನಿ. ಗೌರಿ ಹಬ್ಬದ ಹೊತ್ತಿಗೆ ಬೇಲಿ ಮೇಲೆ ಹಳದಿ ಕೆಂಪು ಬೆಂಕಿಯ ಹಾಗೆ ಅರಳೋ ಗೌರಿ ಹೂವಿನ ಬಳ್ಳಿ ಅಡಿಯಿಂದ ಮುಡಿಯವರೆಗೆ ವಿಷ, ಅದರಲ್ಲೂ ಗೆಡ್ಡೆ. ಅದನ್ನು ಕಾಡುಗೆಣಸು ಅಂತ ಅಗೆದು ತಿಂದರೆ ಅದರಲ್ಲಿರೋ ಕಾಲ್ಚಿಸಿನ್ ಅನ್ನೋ ವಿಷ ಪ್ರಾಣಕ್ಕೇ ಕುತ್ತು ತರುತ್ತೆ. ಹೂವಿಲ್ಲದಾಗಲೂ ಗುರುತು ಸುಲಭ: ಎಲೆಯ ತುದಿಯೇ ದಾರದ ಹಾಗೆ ಸುರುಳಿಯಾಗಿ ಆಸರೆ ಹಿಡಿದಿರುತ್ತೆ. ದೇವರಾಯನದುರ್ಗ, ಅಂತರಗಂಗೆ ಕಡೆ ಹೋದರೆ ನೋಡಿ, ಫೋಟೋ ತೆಗೀರಿ, ಮೀಸಲು ಅರಣ್ಯದಲ್ಲಿ ಏನೂ ಕೀಳಬೇಡಿ.

ರಾಗಿಬದು, ಚಿಂತಾಮಣಿ:
ಎರಡನ್ನೂ ರಾತ್ರಿ ಹಾಳೆ ಮೇಲೆ ಇಟ್ಟಿದ್ದೆ. ಹುಲ್ಲಿನದು ಪಾಚಿ ಒಣಗಿದಂಥ ಹಸಿರು. ಹುತ್ತದ್ದು ತಿಳಿ ಗುಲಾಬಿ, ಬೇರು ಒಂದು ಗೇಣು ಬಂದು ಮುರೀತು, ಬುಡದಲ್ಲಿ ಚೀಲ ಇಲ್ಲ.

ಹುತ್ತದಮಣ್ಣು, ಸಿರಾ:
ಹುಲ್ಲಿನದರ ಅನುಮಾನ ತೀರಿತು, ಮಕ್ಕಳು ಮುಟ್ಟದ ಹಾಗೆ ಹೂತುಬಿಡಿ. ಹುತ್ತದ್ದನ್ನು ಇನ್ನೊಂದು ಪೂರ್ತಿ ಅಗೆದು, ಬೇರು ಗೂಡು ಮುಟ್ಟಿರೋದನ್ನ ನೋಡಿ, ಅಣಬೆ ಬಲ್ಲ ಹಿರಿಯರಿಗೆ ತೋರಿಸಿದ ಮೇಲೆಯೇ ಒಲೆಗೆ ಇಡಿ. ಹುತ್ತ ಒಡೆಯಬೇಡಿ, ಗೂಡು ಉಳಿದರೆ ಬರೋ ವರ್ಷವೂ ಅಲ್ಲೇ ಏಳುತ್ತೆ. ಕೊಡೆ ಪೂರ್ತಿ ಬಿಚ್ಚಿಕೊಂಡಿದ್ದರೆ ಅದೇ ದಿನ ಬೇಯಿಸಬೇಕು, ಮಾರನೇ ದಿನಕ್ಕೆ ಹುಳ.