ಉತ್ಸ್‌ಯೋಕಿಯ ಬೋಳು ಗುಡ್ಡ: ಕಾಡೋ, ಟಂಡ್ರಾನೋ?

ಬೋಳುಗುಡ್ಡ: ಫಿನ್ಲೆಂಡಿನ ಉತ್ತರ ತುದಿಯಲ್ಲಿ ಉತ್ಸ್‌ಯೋಕಿ ಇದೆ. 1960ರ ದಶಕದ ಮಧ್ಯದಲ್ಲಿ ಅಲ್ಲಿ ಪತಂಗದ ಹುಳುಗಳು ಬೆಟ್ಟದ ಬರ್ಚ್ ಮರಗಳ ಎಲೆಯನ್ನೆಲ್ಲ ತಿಂದು ಹಾಕಿದವು. ಸಾವಿರಾರು ಹೆಕ್ಟೇರ್ ಒಣಗಿತು. ಎಷ್ಟೋ ಕಡೆ ಮರ ವಾಪಸ್ ಬರಲೇ ಇಲ್ಲ. ಸಸ್ಯ ನಕ್ಷೆಯಲ್ಲಿ ಆ ಜಾಗಕ್ಕೆ ಯಾವ ಬಣ್ಣ ಬಳಿಯಬೇಕು? ನನ್ನ ಮಟ್ಟಿಗೆ ಟಂಡ್ರಾ, ಅಂದರೆ ಚಳಿನಾಡಿನ ಮರವಿಲ್ಲದ ಬಯಲು. ಮರವೇ ಇಲ್ಲ ಅಂದ ಮೇಲೆ ಕಾಡು ಎಲ್ಲಿಂದ ಬಂತು?

ಪಿಕ್ಸೆಲ್_ಪುಟ್ಟಿ: ಮರ ಇದ್ದಾಗಲೂ ಅದು ಕಾಡಾಗಿತ್ತಾ ಅಂತ ಮೊದಲು ಕೇಳಿ. ಎಫ್‌ಎಒ (ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ) ಲೆಕ್ಕದಲ್ಲಿ ಕಾಡು ಅಂದರೆ ಅರ್ಧ ಹೆಕ್ಟೇರಿಗಿಂತ ದೊಡ್ಡ ಜಾಗ, 5 ಮೀಟರ್ ದಾಟುವ ಮರ, ಶೇ 10ಕ್ಕಿಂತ ಜಾಸ್ತಿ ಮರದ ಮುಚ್ಚಿಗೆ. ಬೆಟ್ಟದ ಬರ್ಚ್ ಬುಡದಿಂದಲೇ ನಾಲ್ಕಾರು ಕಾಂಡ ಒಡೆದು ಕುಳ್ಳಗೆ ಹರಡುತ್ತದೆ. ಎಷ್ಟೋ ಕಡೆ 5 ಮೀಟರ್ ಮುಟ್ಟುವುದೇ ಇಲ್ಲ.

ತೇಗದತೋಪು: ಅಳತೆಕೋಲು ಹಿಡಿದು ಕಾಡು ಗುರುತಿಸುವುದು ನನಗೆ ಸರಿ ಕಾಣುವುದಿಲ್ಲ. ಫಿನ್ಲೆಂಡಿನವರೇ ಆದ ಅರಣ್ಯ ವಿಜ್ಞಾನಿ ಕಯಾಂಡರ್ 1909ರಲ್ಲೇ ಬೇರೆ ದಾರಿ ತೋರಿಸಿದ್ದರು. (ಇವರು ಮುಂದೆ ಮೂರು ಸಲ ಪ್ರಧಾನಿಯಾದರು. ಕಾಡಿನವರೂ ಅಷ್ಟು ದೂರ ಹೋಗಬಹುದು ನೋಡಿ!) ಮರ ಬಿಡಿ, ಬುಡದ ಗಿಡ ನೋಡಿ ಅಂದರು. ಬಿಲ್‌ಬೆರಿ ಪೊದೆ ಇದ್ದರೆ ಒಂದು ಬಗೆ, ಬರೀ ಲೈಕನ್ (ಕಲ್ಲುಹೂವು) ಹಾಸಿದ್ದರೆ ಇನ್ನೊಂದು ಬಗೆ. ಮರ ಕಡಿದರೂ ನೆಲದ ಗುಣ ಅಲ್ಲಿಂದ ತಿಳಿಯುತ್ತದೆ.

ಪಿಕ್ಸೆಲ್_ಪುಟ್ಟಿ: ಚೆನ್ನಾಗಿದೆ, ಆದರೆ ಆ ನೆಲವನ್ನು ಮೇಯುವವರು ಇದ್ದಾರಲ್ಲ! ಫಿನ್ಲೆಂಡ್-ನಾರ್ವೆ ಗಡಿ ಉಪಗ್ರಹ ಚಿತ್ರದಲ್ಲಿ ಗೆರೆ ಎಳೆದ ಹಾಗೆ ಕಾಣುತ್ತದೆ. ನಾರ್ವೆ ಕಡೆ ಹಿಮಸಾರಂಗಗಳು ಮೇಯುವುದು ಚಳಿಗಾಲದಲ್ಲಿ ಮಾತ್ರ, ಹಾಗಾಗಿ ಲೈಕನ್ ದಪ್ಪವಾಗಿ ತಿಳಿಬಣ್ಣದಲ್ಲಿದೆ. ಹೂಕೋಸಿನ ಹೂವಿನಂಥ ಗುಪ್ಪೆಗಳು. ಫಿನ್ಲೆಂಡ್ ಕಡೆ ಬೇಸಿಗೆಯಲ್ಲೂ ಮೇಯುತ್ತವೆ, ಒಣಗಿದ ಲೈಕನ್ ಗೊರಸಿಗೆ ಸಿಕ್ಕಿ ಪುಡಿಯಾಗುತ್ತದೆ. ಅದು ವರ್ಷಕ್ಕೆ ಬೆಳೆಯುವುದೇ ಕೆಲವು ಮಿಲಿಮೀಟರ್. ಹವೆ ಒಂದೇ, ನಡುವೆ ಇರುವುದು ಬರೀ ಬೇಲಿ. ಬುಡದ ಗಿಡ ನೋಡಿ ಇವನ್ನು ಎರಡು ಬಗೆ ಅನ್ನುತ್ತೀರಾ?

ಚಳಿಗಾಳಿ: ಇಬ್ಬರೂ ಮುಖ್ಯ ಮಾತು ಬಿಟ್ಟಿರಿ. ಟಂಡ್ರಾದಲ್ಲಿ ಮರ ಇಲ್ಲದಿರುವುದು ಬೇಸಿಗೆ ಸಾಲದ್ದಕ್ಕೆ. ಅತಿ ಬೆಚ್ಚಗಿನ ತಿಂಗಳ ಸರಾಸರಿಯೇ 10 ಡಿಗ್ರಿ ದಾಟುವುದಿಲ್ಲ. ಉತ್ಸ್‌ಯೋಕಿಯ ಕಥೆ ಉಲ್ಟಾ. ಆ ಪತಂಗ ಬರ್ಚ್ ಕೊಂಬೆ ಮೇಲೆ ಮೊಟ್ಟೆ ಇಡುತ್ತದೆ. ಸುಮಾರು ಮೈನಸ್ 36 ಡಿಗ್ರಿಗೆ ಇಳಿದರೆ ಮೊಟ್ಟೆ ಸಾಯುತ್ತದೆ. ಚಳಿಗಾಲದ ತಣ್ಣನೆ ಗಾಳಿ ಇಳಿದು ಕಣಿವೆಯ ತಳದಲ್ಲಿ ನಿಲ್ಲುತ್ತದೆ. ಹಾಗಾಗಿ ತಳದ ಮರಗಳು ಬಚಾವಾಗುತ್ತವೆ, ಇಳಿಜಾರಿನವು ಹೋಗುತ್ತವೆ. ಚಳಿ ಇಲ್ಲಿ ಮರವನ್ನು ಕಾಯುತ್ತದೆ. ಇಂಥ ಜಾಗಕ್ಕೆ ಟಂಡ್ರಾ ಅಂತ ಹೆಸರಿಟ್ಟರೆ ಹೇಗೆ? 2003ರ ಆರ್ಕ್‌ಟಿಕ್ ಸಸ್ಯ ನಕ್ಷೆ ಮರದ ಗೆರೆಯಿಂದ ಉತ್ತರಕ್ಕಷ್ಟೇ ಬಣ್ಣ ಬಳಿದಿದೆ. ಅದರಲ್ಲಿ ಉತ್ಸ್‌ಯೋಕಿ ಇಲ್ಲ.

ಬೋಳುಗುಡ್ಡ: ಕಾರಣ ಒಪ್ಪಿದೆ. ಆದರೆ ಅರ್ಧ ಶತಮಾನ ದಾಟಿತು. ಬುಡದಲ್ಲಿ ಚಿಗುರು ಬಂದರೆ ಹಿಮಸಾರಂಗ ಕಚ್ಚಿ ಹಾಕುತ್ತದೆ. ನೆಲದಲ್ಲಿ ಕ್ರೋಬೆರಿ ಪೊದೆ, ಪೊದೆ ಜಾತಿಯ ಕುಳ್ಳ ಬರ್ಚ್. ಅಲ್ಲಿ ಗೂಡು ಕಟ್ಟುವ ಹಕ್ಕಿಗೆ ಅದು ಬಯಲೇ ಅಲ್ವಾ?

ತೇಗದತೋಪು: ಹಕ್ಕಿಗೆ ಇರಬಹುದು, ಕಾನೂನಿಗೆ ಅಲ್ಲ. ಯುರೋಪಿಯನ್ ಒಕ್ಕೂಟದ ಆವಾಸ ಪಟ್ಟಿಯಲ್ಲಿ ಬೆಟ್ಟದ ಬರ್ಚ್ ಕಾಡಿಗೆ 9040 ಅಂತ ಪ್ರತ್ಯೇಕ ಸಂಖ್ಯೆಯೇ ಇದೆ. ಅದರ ಸ್ಥಿತಿ ಹೇಗಿದೆ ಅಂತ 6 ವರ್ಷಕ್ಕೊಮ್ಮೆ ವರದಿ ಕೊಡಬೇಕು. ಸತ್ತ ಕಾಡನ್ನೆಲ್ಲ ಬಯಲು ಅಂತ ಬರೆದರೆ ಉಳಿದದ್ದೆಲ್ಲ ಸುಮ್ನೆ ಆರೋಗ್ಯವಾಗಿ ಕಾಣುತ್ತದೆ.

ಚಳಿಗಾಳಿ: ನಮ್ಮ ಪಶ್ಚಿಮ ಘಟ್ಟದಲ್ಲಿ ಶೋಲಾ ಕಾಡಿನ ಪಕ್ಕದ ಹುಲ್ಲುಗಾವಲನ್ನು ಪಾಳು ಅಂದುಕೊಂಡು ಅಕೇಶಿಯಾ ನೆಟ್ಟರಲ್ಲ, ಅದು ಇದರ ತಿರುವುಮುರುವು. ಅಲ್ಲಿ ಹುಲ್ಲೇ ಮೂಲ, ಇಲ್ಲಿ ಮರ.

ಪಿಕ್ಸೆಲ್_ಪುಟ್ಟಿ: ಹಾಗಾದರೆ ಎರಡು ಪದರ ಮಾಡಿ. ಒಂದರಲ್ಲಿ ಇವತ್ತು ಏನಿದೆ, ಇನ್ನೊಂದರಲ್ಲಿ ಮರ ಯಾಕೆ ಹೋಯಿತು. ಮೊದಲನೆಯದನ್ನು ಸೆಂಟಿನೆಲ್-2 ಉಪಗ್ರಹದ 10 ಮೀಟರ್ ಚಿತ್ರದಿಂದ ತೆಗೆಯಬಹುದು.

ಬೋಳುಗುಡ್ಡ: ಎರಡನೆಯದು?

ಪಿಕ್ಸೆಲ್_ಪುಟ್ಟಿ: ಅದಕ್ಕೆ ನಡೆದು ಹೋಗಿ ಒಣ ಬುಡ ಹುಡುಕಬೇಕು. ಬೇಲಿ ಹಾಕಿ ಚಿಗುರು ಏಳುತ್ತದಾ ಅಂತ ಕಾಯಬೇಕು. ಚಿಗುರು ಎದ್ದರೆ ನನ್ನ ಮತ 9040ಕ್ಕೆ.