ವೀಲ್‌ಚೇರ್‌ನಲ್ಲಿ ವಾಲುವವರಿಗೆ ಸೈಡ್ ಸಪೋರ್ಟ್: ಫಿಸಿಯೊ ಮೇಡಂಗೆ ಕೇಳಿ

ಮಾನ್ವಿ ತಾಯಿ: ನಮಸ್ಕಾರ ಮೇಡಂ. ಮಗನಿಗೆ 13 ವರ್ಷ, ಡುಶೆನ್, ಅಂದ್ರ ಸ್ನಾಯು ಸೊರಗೋ ಕಾಯಿಲೆ ಅಂತ ಹೇಳ್ಯಾರ. ಹೋದ ವರ್ಷ ನಡಿಯೋದು ನಿಂತದ. ಈಗ ಕುರ್ಚ್ಯಾಗ ಬಲಕ್ಕ ವಾಲ್ತಾನ. ದಿಂಬು ತುರುಕಿದರ ಜಾರ್ತದ. ಆನ್‌ಲೈನ್‌ನಾಗ ಮೈ ಎರಡೂ ಪಕ್ಕದಿಂದ ಹಿಡಿಯೋ ಸೈಡ್ ಸಪೋರ್ಟ್ ಜೋಡಿ ನೋಡೀನಿ, ತಗೊಳ್ಳಲೇನ್ರಿ?

ಸಿಂಧನೂರು ಸದಸ್ಯ: ಅಪ್ಪಾಜಿಗೆ ಲಕ್ವಾ, ಎಡಕ್ಕೆ ವಾಲ್ತಾರೆ. ಯಾವ ಸಪೋರ್ಟ್ ಒಳ್ಳೇದು? ರೇಟ್ ಎಷ್ಟು?

ಫಿಸಿಯೊ ಮೇಡಂ: ಸಿಂಧನೂರು ಅಣ್ಣಾರೆ, ಮೊದಲು ಕುರ್ಚಿ ಅಗಲ ನೋಡ್ರಿ. ಸೊಂಟದ ಪಕ್ಕ ಒಂದೊಂದು ಇಂಚಿಗಿಂತ ಹೆಚ್ಚು ಜಾಗ ಉಳಿದರೆ ಯಾವ ಸಪೋರ್ಟೂ ನಿಲ್ಲಲ್ಲ. ಸೀಟು ಜೋತು ಬಿದ್ದಿದ್ದರೆ ಮೆತ್ತೆ ಕೆಳಗೆ ಪ್ಲೈವುಡ್ ಹಾಕ್ರಿ.

ಮಾನ್ವಿ ಅಕ್ಕಾರೆ, ಈಗಲೇ ತಗೋಬೇಡ್ರಿ. ಈ ಕಾಯಿಲೆಯಲ್ಲಿ ನಡಿಗೆ ನಿಂತ ಮೇಲೆ, ಅದೂ ಬೆಳೆಯೋ ವಯಸ್ಸಲ್ಲಿ, ಬೆನ್ನು ಬೇಗ ಡೊಂಕಾಗ್ತದೆ. ಸಪೋರ್ಟ್ ಚೆನ್ನಾಗಿ ಕೂರಿಸ್ತದೆ, ಡೊಂಕು ಬೆಳೆಯೋದನ್ನ ತಡೆಯಲ್ಲ. ರಾಯಚೂರಿನ ಸರ್ಕಾರಿ ಆಸ್ಪತ್ರೆ ರಿಮ್ಸ್‌ನಲ್ಲಿ ಮೂಳೆ ಡಾಕ್ಟರಿಗೆ ತೋರಿಸ್ರಿ. ಕೂತ ಹಾಗೇ ಬೆನ್ನಿನ ಎಕ್ಸ್‌ರೇ, ಜೊತೆಗೆ ಉಸಿರಿನ ಟೆಸ್ಟ್ ಆಗಬೇಕು. ತಡ ಮಾಡಿದರೆ ಬೆನ್ನಿನ ಆಪರೇಷನ್ ತಾಳಿಕೊಳ್ಳೋವಷ್ಟು ಉಸಿರು ಉಳಿದಿರಲ್ಲ.

ಮನೆಯಲ್ಲಿ ಇಷ್ಟು ಪರೀಕ್ಷೆ ಮಾಡ್ರಿ. ಗಟ್ಟಿ ಬೆಂಚಿನ ಮೇಲೆ ಕೂರಿಸಿ, ಮುಂದೊಬ್ಬರು ಹಿಡ್ಕೊಳ್ಳಲಿ. ನೀವು ಹಿಂದಿನಿಂದ ಎರಡೂ ಹೆಬ್ಬೆರಳು ಸೊಂಟದ ಮೂಳೆ ಮೇಲಿಡ್ರಿ. ಯಾವ ಕಡೆ ತಗ್ಗಿದೆಯೋ ಆ ಕುಂಡಿ ಅಡಿಗೆ ಮಡಚಿದ ಟವೆಲ್ ಇಟ್ಟಾಗ ಬೆನ್ನು ನೆಟ್ಟಗಾದರೆ ಡೊಂಕು ಇನ್ನೂ ಬಿಗಿದಿಲ್ಲ. ಆಗ ಮೂರು ಕಡೆ ಹಿಡಿತ ಕೊಡಬಹುದು: ಬೆನ್ನು ಉಬ್ಬಿದ ಕಡೆ ಪಕ್ಕೆಲುಬಿಗೆ ಒಂದು, ಎದುರು ಕಡೆ ಅದಕ್ಕಿಂತ ಮೇಲೊಂದು, ಅದೇ ಎದುರು ಕಡೆ ಸೊಂಟಕ್ಕೊಂದು. ಎರಡೂ ಪಕ್ಕ ಒಂದೇ ಎತ್ತರಕ್ಕೆ ಹಾಕಿದರೆ ಡೊಂಕು ಹಂಗೇ ಇರ್ತದೆ. ಕಂಕುಳಿಗೆ ಎರಡು ಬೆರಳು ಜಾಗ ಬಿಡಬೇಕು, ಕೈಯ ನರ ಅಲ್ಲೇ ಹಾದು ಹೋಗೋದು. ಬೆನ್ನು ಬಿಗಿದಿದ್ದರೆ ತಳ್ಳಬೇಡ್ರಿ, ಇದ್ದ ಆಕಾರಕ್ಕೇ ಆಸರೆ ಕೊಡಬೇಕು.

ಊಟ ಹ್ಯಾಂಗ ಮಾಡ್ತಾನೆ?

ಮಾನ್ವಿ ತಾಯಿ: ಬಲ ಮೊಣಕೈ ಕುರ್ಚಿ ಕೈ ಮ್ಯಾಲೆ ಊರಿ, ಮೈ ಬಾಗಿಸಿ, ರೊಟ್ಟಿ ತಾನ ಬಾಯಿಗಿಟ್ಕೋತಾನ್ರಿ.

ಫಿಸಿಯೊ ಮೇಡಂ: ನೋಡ್ರಿ, ಭುಜದಾಗ ಬಲ ಇಲ್ಲ, ಆ ಬಾಗೋದರಿಂದಲೇ ತುತ್ತು ಬಾಯಿಗೆ ಮುಟ್ಟೋದು. ಅಲ್ಲಾಡದಂತೆ ಹಿಡಿದು ಕೂರಿಸಿದರೆ ನಾಳೆಯಿಂದ ಇನ್ನೊಬ್ಬರ ಕೈಲಿ ಉಣ್ಣಬೇಕಾಗ್ತದೆ. ಪಕ್ಕಕ್ಕೆ ತಿರುಗಿ ಸರಿಯೋ ಸಪೋರ್ಟೇ ಬೇಕು. ಊಟಕ್ಕೆ ಸರಿಸ್ರಿ, ತಟ್ಟೆ ಎದೆ ಮಟ್ಟಕ್ಕೆ ಎತ್ತರಿಸ್ರಿ.

ದೇವದುರ್ಗ ಸದಸ್ಯ: ಫಾರ್ವರ್ಡ್ ಬಂದದ್ದು: ಬೆಳ್ಳುಳ್ಳಿ ಎಣ್ಣೆ ಹಚ್ಚಿ, ಉಪ್ಪಿನ ಗಂಟಿನ ಶಾಖ ಕೊಟ್ಟು, ಟವೆಲ್‌ನಿಂದ ಎದೆ ಬಿಗಿದು ಕುರ್ಚಿಗೆ ಕಟ್ಟಿ. 40 ದಿನದಲ್ಲಿ ಬೆನ್ನು ನೆಟ್ಟಗೆ. ಎಲ್ಲರಿಗೂ ಕಳಿಸಿ.

ಫಿಸಿಯೊ ಮೇಡಂ: ಯಾರಿಗೂ ಕಳಿಸಬೇಡಿ! ಸೊಂಟದ ಬೆಲ್ಟ್ ಇಲ್ಲದೆ ಎದೆಗೆ ಕಟ್ಟಿದರೆ ಮೈ ಕೆಳಗೆ ಜಾರಿ ಟವೆಲ್ ಕುತ್ತಿಗೆಗೆ ಬರ್ತದೆ, ಜೀವ ಹೋಗ್ತದೆ. ಉಸಿರು ಕಮ್ಮಿ ಇರೋ ಹುಡುಗನ ಎದೆ ಬಿಗೀತೀರಾ? ಬೆನ್ನುಹುರಿಗೆ ಪೆಟ್ಟಾದವರಿಗೆ ಶಾಖದ ಬಿಸಿನೇ ಗೊತ್ತಾಗಲ್ಲ, ಚರ್ಮ ಸುಡ್ತದೆ.

ದೇವದುರ್ಗ ಸದಸ್ಯ: ಹಿರಿಯರು ಮಾಡಿದ್ದೆಲ್ಲ ಸುಳ್ಳೇನು?

ಸಿರುಗುಪ್ಪ ಸದಸ್ಯ: ಅದಿರಲಿ. ಕ್ಯಾಂಪಿನಾಗ ಕೊಟ್ಟ ಕುರ್ಚಿ ಎಲ್ಲರಿಗೂ ಒಂದೇ ಸೈಜು. ನನ್ನ ತಂಗಿ ಅದರಾಗ ಮುಳುಗಿ ಹೋಗ್ತಾಳ.

ಕುಷ್ಟಗಿ ಸದಸ್ಯ: ಪುಕ್ಕಟೆ ಸಿಕ್ಕದ್ದಕ್ಕ ಹೆಸರು ಇಡಬ್ಯಾಡ್ರಿ.

ಸಿರುಗುಪ್ಪ ಸದಸ್ಯ: ಪುಕ್ಕಟೆ ಅಂದ್ರ ಅಳತಿ ಬ್ಯಾಡೇನು? ದಿನಾ ಕೂರಾಕಿ ನನ್ನ ತಂಗಿ, ನೀವಲ್ಲ.

ಯಲಬುರ್ಗಾ ಸದಸ್ಯೆ: ಜಗಳ ಬಿಡ್ರಪ್ಪ. ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡ್ ಹಿಡ್ಕೊಂಡು ಪಂಚಾಯ್ತಿ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಅವರಿಗೆ ಹೇಳ್ರಿ. ಕ್ಯಾಂಪಿಗಿಂತ ಮೊದಲೇ ಸೊಂಟದ ಅಳತಿ ಬರೆಸ್ರಿ.

ಕಾರಟಗಿ ಸದಸ್ಯ: ಬ್ಯಾಸಿಗ್ಯಾಗ ಸ್ಪಂಜಿಗೆ ಬೆವರು ಹಿಡಿದು ಬೊಕ್ಕೆ ಏಳ್ತಾವ. ಯಾವ ಬಟ್ಟಿ ಹಾಕ್ಬೇಕ್ರಿ?

ಸಿಂಧನೂರು ಸದಸ್ಯ: ಮೇಡಂ, ರೇಟ್ ಹೇಳಲಿಲ್ಲ.

ಫಿಸಿಯೊ ಮೇಡಂ: ಕುರ್ಚಿ ಅಗಲ ಅಳೆದ್ರಾ?

ಮಾನ್ವಿ ತಾಯಿ: ಎಡಗಡೆ ತಗ್ಗದ್ರಿ. ಟವೆಲ್ ಇಟ್ಟರ ಅರ್ಧ ನೆಟ್ಟಗಾದ. ಆ ಕುಂಡಿ ಮ್ಯಾಲ ಕೆಂಪು ಕಲೆ ಅದ.

ಫಿಸಿಯೊ ಮೇಡಂ: ಟವೆಲ್ ಈಗಲೇ ತೆಗೀರಿ, ಅದು ಪರೀಕ್ಷೆಗಷ್ಟೇ. ಮಗ್ಗುಲಾಗಿ ಮಲಗಿಸ್ರಿ. ಅರ್ಧ ತಾಸಿನ ಮೇಲೂ ಕೆಂಪು ಹೋಗದಿದ್ದರೆ ಇವತ್ತು ಕುರ್ಚಿ ಬೇಡ. ಎಕ್ಸ್‌ರೇ ನಾಳೆಯೇ, ಮುಂದಿನ ವಾರ ಅನ್ನಬೇಡ್ರಿ.

ದೇವದುರ್ಗದವರೇ, ಆ ಫಾರ್ವರ್ಡ್ ಇನ್ನೂ ಡಿಲೀಟ್ ಆಗಿಲ್ಲ.