ನಡೆದದ್ದು 170 ಮೀಟರ್, ಸ್ಥಾನಪಲ್ಲಟ 130 ಮೀಟರ್: ಉಳಿದ 40 ಎಲ್ಲಿ ಹೋಯಿತು?

ಪ್ರಶ್ನೆ (ಸಿಂಧನೂರು ತಾಲ್ಲೂಕಿನ ಪಾಲಕರು): ಸರ್, ನಮಸ್ಕಾರ. ನನ್ನ ಮಗಳು ಪಿಯುಸಿ ಮೊದಲ ವರ್ಷದಲ್ಲಿ ಓದುತ್ತಿದ್ದಾಳೆ. ಪುಸ್ತಕದ ಲೆಕ್ಕ ತಲೆಗೆ ಹತ್ತದಿದ್ದಾಗ ಅವಳನ್ನು ನಮ್ಮ ಭತ್ತದ ಗದ್ದೆಗೆ ಕರೆದೊಯ್ದು, ಬದುವಿನ ಮೇಲೆ ಪೂರ್ವಕ್ಕೆ 120 ಮೀಟರ್, ಅಲ್ಲಿಂದ ಉತ್ತರಕ್ಕೆ 50 ಮೀಟರ್ ನಡೆಸಿ ಕಾಲುವೆಯ ತೂಬಿನ ಬಳಿ ನಿಲ್ಲಿಸಿದೆ. ಸೂತ್ರದಂತೆ ಸ್ಥಾನಪಲ್ಲಟ 130 ಮೀಟರ್ ಬಂತು. ನಡೆದ 170ರಲ್ಲಿ ಉಳಿದ 40 ಮೀಟರ್ ಎಲ್ಲಿ ಹೋಯಿತು ಎಂದು ಅವಳು ಕೇಳಿದಾಗ ನನಗೆ ಉತ್ತರ ತೋಚಲಿಲ್ಲ.

ಉತ್ತರ (ರಾಯಚೂರಿನ ಭೌತಶಾಸ್ತ್ರ ಉಪನ್ಯಾಸಕರು): ಸೂತ್ರವನ್ನು ಬಾಯಿಪಾಠ ಮಾಡಿದವರು ಕೇಳದ ಪ್ರಶ್ನೆಯನ್ನು ಮಗಳು ಕೇಳಿದ್ದಾಳೆ, ನನಗೆ ಬಹಳ ಸಂತೋಷವಾಯಿತು. 170 ಮೀಟರ್ ಎಂಬುದು ನಡೆದ ದೂರ. ಅದಕ್ಕೆ ದಿಕ್ಕಿಲ್ಲ, ಅದು ಅದಿಶ. ಸ್ಥಾನಪಲ್ಲಟವಾದರೋ ಹೊರಟ ಜಾಗದಿಂದ ತಲುಪಿದ ಜಾಗಕ್ಕೆ ಎಳೆದ ನೇರ ಗೆರೆ. ಅದಕ್ಕೆ ಅಳತೆಯೂ ದಿಕ್ಕೂ ಇರುವುದರಿಂದ ಅದು ಸದಿಶ.

ಉತ್ತರಕ್ಕೆ ನಡೆದ 50 ಮೀಟರ್ ಅವಳನ್ನು ಪೂರ್ವಕ್ಕೆ ಒಂದು ಗೇಣೂ ಮುಂದೆ ಒಯ್ಯಲಿಲ್ಲ, ಹಿಂದಕ್ಕೂ ಎಳೆಯಲಿಲ್ಲ. ಲಂಬ ಎಂಬ ಮಾತಿನ ತಿರುಳು ಇದೇ. ಆ 50 ಮೀಟರನ್ನು ಅವಳು ಪೂರ್ವಕ್ಕೇ ಮುಂದುವರಿದಿದ್ದರೆ ಸ್ಥಾನಪಲ್ಲಟ 170, ಬಂದ ದಾರಿಯಲ್ಲೇ ಹಿಂದಿರುಗಿದ್ದರೆ 70 ಆಗುತ್ತಿತ್ತು. ಲಂಬವಾಗಿ ತಿರುಗಿದ್ದರಿಂದ ಪೈಥಾಗೊರಸ್ ಪ್ರಮೇಯದಂತೆ 14,400 ಮತ್ತು 2,500 ಕೂಡಿ 16,900, ಅದರ ವರ್ಗಮೂಲ 130. ಆ 40 ಮೀಟರ್ ಬದು ಹಿಡಿದು ಸುತ್ತಿ ಬಂದದ್ದಕ್ಕೂ ಗದ್ದೆಯನ್ನು ನೇರವಾಗಿ ಹಾಯುವುದಕ್ಕೂ ಇರುವ ಅಂತರ. ಆದರೆ ಬದು ಅಲ್ಲಿ ಲಂಬವಾಗಿಯೇ ತಿರುಗಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ಗೌಂಡಿಗಳು ಒಂದು ಬದಿಗೆ 3 ಅಡಿ, ಇನ್ನೊಂದು ಬದಿಗೆ 4 ಅಡಿ ಗುರುತು ಹಾಕಿ, ಗುರುತುಗಳ ನಡುವೆ ಸರಿಯಾಗಿ 5 ಅಡಿ ಬಂದರೆ ಮೂಲೆ ಸರಿಯಿದೆ ಎನ್ನುತ್ತಾರಲ್ಲ, ಹಾಗೆಯೇ ಹಗ್ಗ ಹಿಡಿದು ನೋಡಬಹುದು.

130 ಮೀಟರ್ ಎಂದಷ್ಟೇ ಬರೆದರೆ ಉತ್ತರ ಅರ್ಧ, ದಿಕ್ಕನ್ನೂ ಹೇಳಬೇಕು. 50ನ್ನು 120ರಿಂದ ಭಾಗಿಸಿ ವಿಲೋಮ ಟ್ಯಾನ್ (ಕ್ಯಾಲ್ಕುಲೇಟರ್‌ನ tan⁻¹) ತೆಗೆದರೆ ಪೂರ್ವದಿಂದ ಉತ್ತರದ ಕಡೆಗೆ ಸುಮಾರು 22.6 ಡಿಗ್ರಿ. ಕ್ಯಾಲ್ಕುಲೇಟರ್ 0.39 ತೋರಿಸಿದರೆ ಅದು ಡಿಗ್ರಿಯಲ್ಲಲ್ಲ, ಕೋನದ ಇನ್ನೊಂದು ಮಾನವಾದ ರೇಡಿಯನ್‌ನಲ್ಲಿದೆ ಎಂದು ತಿಳಿಯಿರಿ.

ಪ್ರಶ್ನೆ (ಗಂಗಾವತಿಯ ವಿದ್ಯಾರ್ಥಿ): ಸರ್, ತೂಬಿನಿಂದ ಪಶ್ಚಿಮಕ್ಕೆ 40 ಮೀಟರ್ ನಡೆದರೆ, 130ರಿಂದ 40 ಕಳೆದು 90 ಎನ್ನಬಹುದೇ?

ಉತ್ತರ: ಬೇಡಪ್ಪ, ಆ 130 ಪೂರ್ವಕ್ಕೆ ನೇರವಾಗಿಲ್ಲ, ಓರೆಯಾಗಿದೆ; ಅದರಿಂದ ಪಶ್ಚಿಮದ ನಡಿಗೆಯನ್ನು ಹಾಗೆಯೇ ಕಳೆಯುವಂತಿಲ್ಲ. ಪೂರ್ವದ 120ರಿಂದ 40 ಕಳೆದರೆ 80. ಉತ್ತರದ 50 ಹಾಗೆಯೇ ಉಳಿಯುತ್ತದೆ. ಆಗ 8,900ರ ವರ್ಗಮೂಲ ಸುಮಾರು 94.3 ಮೀಟರ್, ದಿಕ್ಕು ಪೂರ್ವದಿಂದ ಉತ್ತರಕ್ಕೆ ಸುಮಾರು 32 ಡಿಗ್ರಿ.